ಓದಿಗೆ ಬಿಡುವು ಕೊಡುವವರಾರು?

ಬೆಂಗಳೂರಿನಲ್ಲಿ ಓದು ಬಿಟ್ಟವರಿಗೆ ಅವಕಾಶಗಳೇನೂ ಕಡಿಮೆಯಿಲ್ಲ. ಸಂಜೆ ಕಾಲೇಜುಗಳಿವೆ. 1985ರಲ್ಲಿ ಆರಂಭವಾದ ಇಗ್ನೋ, 1996ರಲ್ಲಿ ಸ್ಥಾಪನೆಯಾದ ಮೈಸೂರಿನ ರಾಜ್ಯ ಮುಕ್ತ ವಿ.ವಿ.ಗಳ ಕೇಂದ್ರಗಳಿವೆ. ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯಲ್ಲಿ ಹತ್ತನೆಯ ತರಗತಿಗೆ ಸೇರಲು 14 ವರ್ಷ ತುಂಬಿದ್ದರೆ ಸಾಕು, ಗರಿಷ್ಠ ವಯೋಮಿತಿಯಿಲ್ಲ.

ಆದರೆ ಮದುವೆಗಾಗಿ ಶಾಲೆ ಬಿಟ್ಟ 40ರ ಗೃಹಿಣಿ ಅರ್ಜಿ ತುಂಬಲು ಹೊರಟರೆ ಮನೆಯಲ್ಲೊಂದು ಪ್ರಶ್ನೆ: "ಈ ವಯಸ್ಸಿನಲ್ಲಿ ಯಾಕೆ?" ಬೇಡವೆಂದು ಯಾರೂ ಹೇಳುವುದಿಲ್ಲ, ಅಡುಗೆಯನ್ನು ಮಾತ್ರ ಯಾರೂ ವಹಿಸಿಕೊಳ್ಳುವುದಿಲ್ಲ.

ಪ್ರವಾದಿವರ್ಯರು(ಸ) ಜ್ಞಾನಾರ್ಜನೆಯನ್ನು ಕಡ್ಡಾಯಗೊಳಿಸಿದಾಗ ವಯಸ್ಸಿನ ಮಿತಿ ಹಾಕಲಿಲ್ಲ. ಇದನ್ನು ವೇದಿಕೆಗಳಲ್ಲಿ ಹೆಮ್ಮೆಯಿಂದ ಹೇಳುತ್ತೇವೆ. (ಮನೆಗೆ ಮರಳಿ ಚಹಾ ಕೇಳುವುದು ಅವಳನ್ನೇ!) ಕಲಿಯುವುದು ಅವಳಿಗೆ ಕಡ್ಡಾಯವೆಂದಾದರೆ, ಅದಕ್ಕೆ ಬೇಕಾದ ಬಿಡುವು ಪತಿ, ಮಕ್ಕಳ ಔದಾರ್ಯವಲ್ಲ, ಅವರು ಸಲ್ಲಿಸಬೇಕಾದ ಅವಳ ಹಕ್ಕು. "ಓದಲು ಅನುಮತಿ ಕೊಟ್ಟಿದ್ದೇನೆ" ಎನ್ನುವವರನ್ನು ನಾನು ಕೇಳಬಯಸುವುದಿಷ್ಟೇ: ತರಗತಿಯಿರುವ ಭಾನುವಾರ ನಿಮ್ಮ ಮನೆಯಲ್ಲಿ ಒಲೆ ಹಚ್ಚುವವರು ಯಾರು?