ಗಿಡ್ಡ ಕಾಲಿನ ಕೋಳಿ ಮತ್ತು ಹಿಂಸೆಯ ಲೆಕ್ಕ

ಅಲಂಕಾರಕ್ಕೆಂದು ಸಾಕುವ ಪ್ರಾಣಿಯ ರೂಪವನ್ನು ಮನುಷ್ಯನು ತನ್ನ ಕಣ್ಣಿಗೆ ಹಿತವಾಗುವಂತೆ ತಲೆಮಾರಿನಿಂದ ತಲೆಮಾರಿಗೆ ತಿದ್ದುತ್ತ ಹೋಗುವುದು ಹಿಂಸೆಯೇ, ಹಿಂಸೆಯೆಂದಾದರೆ ಅದು ಯಾವ ಬಗೆಯದು ಎಂಬ ಪ್ರಶ್ನೆ ಬಹಳ ಸಲ ಅಭಿರುಚಿಯ ಜಗಳವಾಗಿಯೇ ಮುಗಿದುಹೋಗುತ್ತದೆ. ಒಬ್ಬರಿಗೆ ಚೆಲುವೆನಿಸಿದ್ದು ಇನ್ನೊಬ್ಬರಿಗೆ ವಿಕಾರವೆನಿಸುವುದರಿಂದ ಮಾತು ಅಲ್ಲಿಂದ ಮುಂದೆ ಸಾಗುವುದಿಲ್ಲ. ಈ ಪ್ರಶ್ನೆಯನ್ನು ಅಭಿರುಚಿಯಿಂದ ಬಿಡಿಸಿ ನೇರವಾಗಿ ಧರ್ಮವಿಚಾರದ ಎದುರು ನಿಲ್ಲಿಸುವ ಪಕ್ಷಿಯೊಂದಿದೆ. ಅದು ಜಪಾನಿನ ಚಾಬೊ, ಅಂದರೆ ಬ್ಯಾಂಟಮ್ ಎಂದು ಕರೆಯಲಾಗುವ ಪುಟ್ಟ ಕೋಳಿಗಳಲ್ಲಿ ಕಾಲು ತೀರ ಗಿಡ್ಡವಾಗಿರುವ ಒಂದು ತಳಿ. ಒಂದು ಕಿಲೋಗ್ರಾಮಿಗೂ ಕಡಿಮೆ ತೂಗುವ ಈ ಕೋಳಿಯ ಬಾಲದ ಗರಿಗಳು ತಲೆಗಿಂತ ಎತ್ತರಕ್ಕೆ ನೆಟ್ಟಗೆ ನಿಲ್ಲುತ್ತವೆ, ರೆಕ್ಕೆಯ ತುದಿಗಳು ನೆಲ ಸವರುತ್ತವೆ, ಹುಂಜದ ಕೆಂಪು ಜುಟ್ಟು ಮೈಯ ಅಳತೆಯನ್ನು ಮೀರಿ ಬೆಳೆದಿರುತ್ತದೆ, ಕಾಲುಗಳಂತೂ ನಿಂತಾಗ ಕಣ್ಣಿಗೆ ಬೀಳುವುದೇ ಅಪರೂಪ.

ಈ ತಳಿ ರೂಪುಗೊಂಡ ಸಮಾಜ ಕರುಣೆಯ ಉಪದೇಶವನ್ನು ಕೇಳದ ಸಮಾಜವಾಗಿರಲಿಲ್ಲ. ಕ್ರಿ.ಶ. 675ರಲ್ಲಿಯೇ ತೆನ್ಮು ಚಕ್ರವರ್ತಿಯು ಬೌದ್ಧ ಧರ್ಮದ ಪ್ರಭಾವದಿಂದ ದನ, ಕುದುರೆ, ನಾಯಿ, ಕೋತಿ ಮತ್ತು ಕೋಳಿಗಳ ಮಾಂಸವನ್ನು ವರ್ಷದ ಕೆಲವು ತಿಂಗಳು ತಿನ್ನಬಾರದೆಂದು ಆಜ್ಞೆ ಹೊರಡಿಸಿದ್ದನು. ಹೊತ್ತು ಸಾರುವ ಪಕ್ಷಿಯೆಂದು ಕೋಳಿಗೆ ಅಲ್ಲಿ ಮನ್ನಣೆಯಿತ್ತು, ಇಸೆಯ ಶಿಂಟೊ ದೇವಾಲಯದ ಆವರಣದಲ್ಲಿ ದೇವರ ಕೋಳಿಗಳು ಇಂದಿಗೂ ನಿರ್ಭಯವಾಗಿ ಅಡ್ಡಾಡುತ್ತವೆ. ಆಗ್ನೇಯ ಏಷ್ಯಾದಿಂದ ಸಮುದ್ರ ದಾಟಿ ಬಂದ ಚಾಬೊ ಜಪಾನಿನ ಅಂಗಳಗಳಲ್ಲಿ ನೆಲೆಯೂರುತ್ತಿದ್ದ 17ನೆಯ ಶತಮಾನದಲ್ಲಿಯೇ, 1680ರಿಂದ 1709ರವರೆಗೆ ಆಳಿದ ಶೋಗುನ್ ತೊಕುಗಾವಾ ತ್ಸುನಾಯೋಷಿ ಜೀವದಯೆಯನ್ನು ಸಾಲುಸಾಲು ಶಾಸನಗಳ ಮೂಲಕ ಜಾರಿಗೆ ತಂದನು. ಮುಂದಿನ ಶತಮಾನದಲ್ಲಿ ಕ್ಯೋಟೊ ನಗರದ ಚಿತ್ರಕಾರ ಇತೊ ಜಾಕುಚು (1716–1800) ತನ್ನ ಅಂಗಳದಲ್ಲಿ ಕೋಳಿಗಳನ್ನು ಸಾಕಿ, ಅವುಗಳ ನಡೆ, ನಿಲುವು, ಗರಿಗಳ ಪದರಗಳನ್ನು ಬಹುಕಾಲ ನೋಡಿದ ಬಳಿಕವೇ ಕುಂಚ ಹಿಡಿದನೆಂದು ಪ್ರಸಿದ್ಧಿ. ಹುಂಜ ಹೇಂಟೆಗಳೂ ಸೇರಿದಂತೆ ಜೀವಲೋಕವನ್ನು ಚಿತ್ರಿಸಿದ 30 ಪಟಗಳನ್ನು ಅವನು ಶೋಕೊಕುಜಿ ಎಂಬ ಝೆನ್ ಮಠಕ್ಕೆ ಅರ್ಪಿಸಿದನು. ಇರುವ ರೂಪವನ್ನು ಕಣ್ತುಂಬ ನೋಡುವುದು ಜಾಕುಚುವಿಗೆ ಆರಾಧನೆಯಾಗಿತ್ತು. ತಳಿಗಾರನಲ್ಲಿಯೂ ಅಂಥದೇ ತದೇಕಚಿತ್ತವಿದೆ, ಆದರೆ ಅವನು ನೋಡುವುದರಲ್ಲಿ ನಿಲ್ಲುವುದಿಲ್ಲ. ಬೇಕಾದ ರೂಪ ಹುಟ್ಟುವಂತೆ ಜೋಡಿ ಕಟ್ಟುತ್ತಾನೆ. ಚಾಬೊ 1941ರಲ್ಲಿ ಜಪಾನಿನ ನೈಸರ್ಗಿಕ ಸ್ಮಾರಕವೆಂಬ ಮಾನ್ಯತೆಯನ್ನೂ ಪಡೆಯಿತು.

ಗಿಡ್ಡ ಕಾಲಿಗೆ ಕಾರಣ ಒಂದು ವಂಶವಾಹಿ, ಅಂದರೆ ತಂದೆತಾಯಿಗಳಿಂದ ಮರಿಗೆ ಒಂದೊಂದು ಪ್ರತಿಯಾಗಿ ಇಳಿದುಬರುವ ಆನುವಂಶಿಕ ಘಟಕ. ಇದನ್ನು ವಿಜ್ಞಾನಿಗಳು ಕ್ರೀಪರ್ ಎಂದು ಕರೆಯುತ್ತಾರೆ. ಇದರ ಒಂದು ಪ್ರತಿ ಬಂದರೆ ಮರಿಯ ಕಾಲು ಗಿಡ್ಡವಾಗುತ್ತದೆ. ಎರಡೂ ಕಡೆಯಿಂದ ಬಂದರೆ ಮರಿ ಮೊಟ್ಟೆಯೊಳಗೇ ಸಾಯುತ್ತದೆ. ವಾಲ್ಟರ್ ಲ್ಯಾಂಡವರ್ ಮತ್ತು ಎಲ್. ಸಿ. ಡನ್ 1930ರಲ್ಲಿ ಈ ಮಾರಕ ಗುಣವನ್ನು ವಿವರಿಸಿದರು. ಮೂಳೆಯ ಬೆಳವಣಿಗೆಯನ್ನು ನಿಯಂತ್ರಿಸುವ ಇಂಡಿಯನ್ ಹೆಡ್ಜ್‌ಹಾಗ್ ಎಂಬ ವಂಶವಾಹಿಯೇ ಕ್ರೀಪರ್ ಪ್ರತಿಯಲ್ಲಿ ಕಳೆದುಹೋಗಿರುತ್ತದೆ ಎಂಬುದು 2016ರ ಸಂಶೋಧನೆಯಿಂದ ತಿಳಿಯಿತು. ಇದರಿಂದ ಹೊರಡುವ ಒಂದು ಸಂಗತಿ ತತ್ತ್ವಚಿಂತಕರ ಗಮನಕ್ಕೆ ಯೋಗ್ಯವಾದುದು. ಬದುಕಿರುವ ಪ್ರತಿಯೊಂದು ಗಿಡ್ಡ ಕಾಲಿನ ಚಾಬೊ ತನ್ನೊಳಗೆ ಉದ್ದ ಕಾಲಿನ ಪ್ರತಿಯೊಂದನ್ನು ಇಟ್ಟುಕೊಂಡೇ ಬದುಕಿರುತ್ತದೆ. ಆದ್ದರಿಂದ ಗಿಡ್ಡ ಕಾಲಿನವೇ ಹುಟ್ಟುವ ಶುದ್ಧ ತಳಿಯೊಂದನ್ನು ಎಷ್ಟು ಶತಮಾನ ಆರಿಸಿದರೂ ಪಡೆಯಲಾಗದು. ಯಾವ ರೂಪವನ್ನು ತಳಿಗಾರ ಆದರ್ಶವೆಂದು ಎತ್ತಿ ಹಿಡಿದಿದ್ದಾನೋ ಅದರ ಪರಿಪೂರ್ಣತೆಯೇ ಸಾವು.

ಆ ಸಾವು ಕಣ್ಣಿಗೆ ಕಾಣುವ ಬಗೆಯೂ ಇದೆ. ಕೋಳಿಮೊಟ್ಟೆ ಮರಿಯಾಗಲು ಸುಮಾರು 37.5 ಡಿಗ್ರಿ ಸೆಲ್ಸಿಯಸ್ ಕಾವಿನಲ್ಲಿ 21 ದಿನ ಬೇಕು, ಪುಟ್ಟ ತಳಿಗಳಲ್ಲಿ ಒಂದೆರಡು ದಿನ ಮೊದಲೇ ಒಡೆಯುವುದುಂಟು. ಏಳನೆಯ ದಿನದ ಹೊತ್ತಿಗೆ ಕತ್ತಲಕೋಣೆಯಲ್ಲಿ ಮೊಟ್ಟೆಯನ್ನು ದೀಪಕ್ಕೆ ಹಿಡಿದರೆ, ಫಲಿತು ಬೆಳೆಯುತ್ತಿರುವ ಮೊಟ್ಟೆಯಲ್ಲಿ ಒಂದು ಕಪ್ಪು ಚುಕ್ಕೆ, ಅದರ ಸುತ್ತ ಕೂದಲೆಳೆಯಂಥ ಕೆಂಪು ನಾಳಗಳು ಹರಡಿರುವುದು ಕಾಣುತ್ತದೆ, ತುಸು ಹೊತ್ತು ನೋಡಿದರೆ ಚುಕ್ಕೆ ಅಲುಗುತ್ತದೆ. ಮೊದಲ ದಿನಗಳಲ್ಲೇ ಸತ್ತ ಮೊಟ್ಟೆಯಲ್ಲಿ ನಾಳಗಳು ಅಳಿಸಿಹೋಗಿ, ರಕ್ತವೆಲ್ಲ ಅಂಚಿಗೆ ಸರಿದು, ತೆಳುವಾದ ಕೆಂಪು ಬಳೆಯೊಂದು ಉಳಿದಿರುತ್ತದೆ. ಕ್ರೀಪರ್‌ನ ಎರಡೂ ಪ್ರತಿ ಪಡೆದ ಭ್ರೂಣಗಳಲ್ಲಿ ಬಹುಪಾಲು ಮೂರು ನಾಲ್ಕನೆಯ ದಿನವೇ ಸಾಯುತ್ತವೆ. ಸಾಕುವವನು ಆ ಮೊಟ್ಟೆಗಳನ್ನು ಬೇರೆ ತೆಗೆದು ಎಸೆಯುತ್ತಾನೆ.

ಇನ್ನು ಲೆಕ್ಕ. ಗಿಡ್ಡ ಕಾಲಿನ ಹುಂಜಕ್ಕೆ ಗಿಡ್ಡ ಕಾಲಿನ ಹೇಂಟೆಯನ್ನೇ ಜೋಡಿ ಮಾಡಿದಾಗ, 12 ಫಲಿತ ಮೊಟ್ಟೆಗಳಲ್ಲಿ ಸರಾಸರಿ 3 ಒಳಗೇ ಸಾಯುತ್ತವೆ, 6 ಗಿಡ್ಡ ಕಾಲಿನವು, 3 ಉದ್ದ ಕಾಲಿನವು. ಜೋಡಿಯಲ್ಲಿ ಒಂದು ಉದ್ದ ಕಾಲಿನದಾದರೆ, ಅದೇ 12 ಮೊಟ್ಟೆಗಳಲ್ಲಿ ಈ ಕಾರಣದಿಂದ ಒಂದೂ ಸಾಯುವುದಿಲ್ಲ, 6 ಗಿಡ್ಡ ಕಾಲಿನವು, 6 ಉದ್ದ ಕಾಲಿನವು. ಎರಡೂ ಕಡೆ ಗಿಡ್ಡ ಕಾಲಿನ ಮರಿಗಳ ಸಂಖ್ಯೆ ಒಂದೇ ಎಂಬುದನ್ನು ಇಲ್ಲಿ ನಿಂತು ಗಮನಿಸಬೇಕು. ಸತ್ತ ಮೂರು ಭ್ರೂಣಗಳ ಬೆಲೆ ತೆತ್ತು ತಳಿಗಾರನು ಪಡೆಯುವ ಹೆಚ್ಚುವರಿ ಚೆಲುವು ಯಾವುದೂ ಇಲ್ಲ. ಅವನಿಗೆ ಸಿಗುವ ಲಾಭವೆಂದರೆ, ಪ್ರದರ್ಶನಕ್ಕೆ ಸಲ್ಲದ ಮೂರು ಉದ್ದ ಕಾಲಿನ ಮರಿಗಳನ್ನು ಸಾಕುವ ತೊಂದರೆ ತಪ್ಪುವುದು, ಅಷ್ಟೇ.

ಈ ಕೃತ್ಯವನ್ನು ಅಳೆಯಲು ಜೈನ ಆಚಾರಶಾಸ್ತ್ರದಷ್ಟು ಸೂಕ್ಷ್ಮವಾದ ಅಳತೆಗೋಲು ಬೇರೆ ಸಿಗುವುದು ಕಷ್ಟ. ಅಂಡಜ, ಎಂದರೆ ಮೊಟ್ಟೆಯಿಂದ ಹುಟ್ಟುವ ಜೀವಿಗಳನ್ನು ಉಮಾಸ್ವಾತಿಯ ತತ್ತ್ವಾರ್ಥಸೂತ್ರವು ಗರ್ಭಜನ್ಮದ ಜೀವಿಗಳಲ್ಲಿಯೇ ಎಣಿಸುತ್ತದೆ, ಹಿಂಸೆಯನ್ನು ಪ್ರಮಾದದಿಂದ, ಅಂದರೆ ಕ್ರೋಧ, ಲೋಭ ಮುಂತಾದ ಕಷಾಯಗಳಿಗೆ ವಶವಾದ ಎಚ್ಚರಗೇಡಿತನದಿಂದ, ಪ್ರಾಣವನ್ನು ಬೇರ್ಪಡಿಸುವುದು ಎಂದು ವಿವರಿಸುತ್ತದೆ. ಗೃಹಸ್ಥರ ಬದುಕನ್ನು ಗಮನದಲ್ಲಿಟ್ಟು ಜೈನ ಪರಂಪರೆ ಹಿಂಸೆಯನ್ನು ನಾಲ್ಕಾಗಿ ವಿಂಗಡಿಸಿದೆ: ಅಡಿಗೆ ಮುಂತಾದ ಮನೆವಾರ್ತೆಯಲ್ಲಿ ತಪ್ಪಿಸಲಾಗದ್ದು ಆರಂಭಿ, ಜೀವನೋಪಾಯದ ಕಸುಬಿನಲ್ಲಿ ಒದಗುವುದು ಉದ್ಯೋಗಿ, ಆತ್ಮರಕ್ಷಣೆಯಲ್ಲಿ ನಡೆಯುವುದು ವಿರೋಧಿ, ಕೊಲ್ಲಬೇಕೆಂಬ ಉದ್ದೇಶದಿಂದಲೇ ನಡೆಯುವುದು ಸಂಕಲ್ಪಿ. ಗೃಹಸ್ಥನು ಸಂಪೂರ್ಣವಾಗಿ ಬಿಡಬೇಕಾದದ್ದು ನಾಲ್ಕನೆಯದನ್ನು. ಹೇಮಚಂದ್ರನ ಯೋಗಶಾಸ್ತ್ರವಂತೂ ಶ್ರಾವಕರಿಗೆ, ಅಂದರೆ ಜೈನ ಗೃಹಸ್ಥರಿಗೆ, ವರ್ಜ್ಯವಾದ ಉದ್ಯೋಗಗಳಲ್ಲಿ ಹಣಕ್ಕಾಗಿ ಗಿಳಿ, ನಾಯಿ, ಕೋಳಿ, ನವಿಲುಗಳನ್ನು ಸಾಕುವುದನ್ನೂ ಸೇರಿಸಿದೆ.

ಗಿಡ್ಡ ಕಾಲಿಗೆ ಗಿಡ್ಡ ಕಾಲನ್ನೇ ಜೋಡಿಸುವ ತಳಿಗಾರನು ಇವುಗಳಲ್ಲಿ ಎಲ್ಲಿ ನಿಲ್ಲುತ್ತಾನೆ? ಸಂಕಲ್ಪಿ ಎನ್ನಲು ಸಾವಿನ ಬಯಕೆ ಇರಬೇಕು, ಅವನಿಗೆ ಆ ಬಯಕೆಯಿಲ್ಲ. ಆರಂಭಿ ಎನ್ನಲು ಅನಿವಾರ್ಯತೆ ಇರಬೇಕು, ಮೇಲಿನ ಲೆಕ್ಕ ಆ ಅನಿವಾರ್ಯತೆಯನ್ನು ಅಳಿಸಿಹಾಕುತ್ತದೆ. ಸಾವನ್ನು ತಾನು ಮುಂಗಂಡಿದ್ದೆನೇ ಹೊರತು ಬಯಸಿರಲಿಲ್ಲ ಎಂಬ ಸಮಾಧಾನವನ್ನು ಕ್ರೈಸ್ತ ನೀತಿಶಾಸ್ತ್ರವೂ ಕೆಲವು ಷರತ್ತುಗಳ ಮೇಲೆ ಮಾತ್ರ ಒಪ್ಪುತ್ತದೆ. ಆ ಕೇಡಿಗೆ ಸರಿದೂಗುವ ಒಳಿತು ಇರಲೇಬೇಕು ಎಂಬುದು ಅವುಗಳಲ್ಲಿ ಒಂದು. ಇಲ್ಲಿ ಆ ಒಳಿತು ಇಲ್ಲ. ವಂಶವಾಹಿಯ ಗುಟ್ಟು ತಿಳಿಯದೆ ಜೋಡಿ ಕಟ್ಟಿದ ಹಳೆಯ ಸಾಕಣೆಗಾರರಿಗೂ, ತಿಳಿದ ಮೇಲೂ ಹಾಗೆಯೇ ಮಾಡುವವರಿಗೂ ನಡುವೆ ದೊಡ್ಡ ಅಂತರವಿದೆ. ತಿಳಿದವನು ಹೊಣೆಯಿಂದ ನುಣುಚಿಕೊಳ್ಳಲಾರ, ಏಕೆಂದರೆ ಹುಂಜವೂ ಹೇಂಟೆಯೂ ಆ ಗೂಡಿಗೆ ತಾವಾಗಿ ಬಂದವಲ್ಲ, ಬಾಗಿಲು ತೆರೆದದ್ದು ಮನುಷ್ಯನ ಕೈ.

ಎರಡು ಆಕ್ಷೇಪಗಳು ಇಲ್ಲಿ ಏಳುತ್ತವೆ. ಮೂರು ದಿನದ ಭ್ರೂಣಕ್ಕೆ ನೋವನ್ನು ಅರಿಯುವ ನರಮಂಡಲವೇ ಬೆಳೆದಿರುವುದಿಲ್ಲ ಎಂಬುದು ಒಂದು. ನೋವನ್ನೇ ಏಕೈಕ ಮಾನದಂಡವಾಗಿ ಇಟ್ಟುಕೊಂಡರೆ ಇದು ಬಲವಾದ ಮಾತು, ಆದರೆ ಜೈನ ದೃಷ್ಟಿಯಲ್ಲಿ ಇಂದ್ರಿಯಗಳು ಅರಳುವ ಮೊದಲೇ ಜೀವ ಅಲ್ಲಿ ನೆಲೆಸಿರುವುದರಿಂದ ಪ್ರಶ್ನೆ ಅಷ್ಟಕ್ಕೆ ಮುಗಿಯುವುದಿಲ್ಲ. ಇನ್ನೊಂದನ್ನು ತತ್ತ್ವಚಿಂತಕ ಡೆರೆಕ್ ಪಾರ್ಫಿಟ್ 1984ರ ತನ್ನ ಗ್ರಂಥದಲ್ಲಿ ಮನುಷ್ಯರ ವಿಷಯವಾಗಿ ಎತ್ತಿದ್ದನು: ಬೇರೆ ಜೋಡಿ ಕಟ್ಟಿದ್ದರೆ ಈ ಮರಿಯೇ ಹುಟ್ಟುತ್ತಿರಲಿಲ್ಲ, ಹಾಗಿರುವಾಗ ಅದಕ್ಕೆ ಅನ್ಯಾಯವಾಯಿತು ಎನ್ನುವುದು ಹೇಗೆ? ಗಿಡ್ಡ ಕಾಲಿನೊಂದಿಗೆ ಬದುಕುವ ಚಾಬೊ, ಒಣನೆಲವೂ ಕತ್ತರಿಸಿದ ಹುಲ್ಲೂ ಇದ್ದರೆ, ಗೆಲುವಾಗಿಯೇ ಬದುಕುತ್ತದೆ. ಅದರ ಮಟ್ಟಿಗೆ ಪಾರ್ಫಿಟ್‌ನ ಒಗಟು ನಿಜವಾಗಿಯೂ ಬಿಡಿಸಲು ಕಷ್ಟ. ಆದರೆ ಮೊಟ್ಟೆಯಲ್ಲೇ ಸತ್ತದ್ದಕ್ಕೆ ಹುಟ್ಟಿನ ಭಾಗ್ಯವನ್ನು ಕೊಟ್ಟೆವೆಂಬ ಮಾತನ್ನು ಯಾರೂ ಹೇಳಲಾರರು.

ಕನ್ನಡದ ಓದುಗರಿಗೆ ಈ ವಿಚಾರದಲ್ಲಿ ಜನ್ನನ ಯಶೋಧರ ಚರಿತೆ (1209) ನೆನಪಾಗುವುದು ಸಹಜ. ಅಲ್ಲಿ ಯಶೋಧರನೂ ತಾಯಿ ಚಂದ್ರಮತಿಯೂ ಬಲಿ ಕೊಡುವುದು ಹಿಟ್ಟಿನ ಕೋಳಿಯನ್ನು. ಪ್ರಾಣವೊಂದೂ ಹೋಗದಿದ್ದರೂ ಸಂಕಲ್ಪಮಾತ್ರದಿಂದ ತಾಯಿಮಕ್ಕಳು ಪ್ರಾಣಿಜನ್ಮಗಳಲ್ಲಿ ತೊಳಲುತ್ತಾರೆ, ಕೊನೆಯ ಪ್ರಾಣಿಜನ್ಮದಲ್ಲಿ ತಾವೇ ಕೋಳಿಗಳಾಗಿ ಯಶೋಧರನ ಮಗನಾದ ಯಶೋಮತಿಯ ಬಾಣಕ್ಕೆ ಗುರಿಯಾಗುತ್ತಾರೆ. ಭಾವವೇ ಪ್ರಧಾನವೆನ್ನುವ ಈ ತೀರ್ಮಾನ ಮೇಲ್ನೋಟಕ್ಕೆ ಚಾಬೊ ಸಾಕುವವನ ಪರವಾಗಿಯೇ ಇದೆ, ಏಕೆಂದರೆ ಅವನಲ್ಲಿ ಕೊಲ್ಲುವ ಭಾವ ಇಲ್ಲ. ಆದರೆ ಭಾವಹಿಂಸೆಯ ಬೇರು ದ್ವೇಷವೊಂದೇ ಅಲ್ಲ, ರಾಗವೂ ಹೌದು. ರೂಪದ ಮೇಲಿನ ಆಸಕ್ತಿ ಎಷ್ಟು ಗಾಢವೆಂದರೆ, ಆ ರೂಪವಿಲ್ಲದ ಮೂರು ಮರಿಗಳು ಹುಟ್ಟಿ ಓಡಾಡುವುದಕ್ಕಿಂತ ಮೂರು ಮೊಟ್ಟೆಗಳು ಕೆಂಪು ಬಳೆಯಾಗಿ ಉಳಿಯುವುದೇ ಅನುಕೂಲವೆಂದು ಮನಸ್ಸು ಒಪ್ಪಿಕೊಂಡಿರುತ್ತದೆ. ಜನ್ನನ ಕಾವ್ಯ ಎಚ್ಚರಿಸುವುದು ಇಂಥ ಒಪ್ಪಿಗೆಯನ್ನೇ.

ಉದ್ದ ಕಾಲಿನ ಜೊತೆಯನ್ನು ಆರಿಸಿದರೆ ತೊಡಕು ಪೂರ್ತಿ ಕಳೆಯಿತೆಂದೂ ಅಲ್ಲ. ಅರ್ಧದಷ್ಟು ಮರಿಗಳು ಉದ್ದ ಕಾಲಿನವಾಗುತ್ತವೆ, ಎರಡು ಬಗೆಯಲ್ಲಿಯೂ ಅರ್ಧದಷ್ಟು ಹುಂಜಗಳಾಗುತ್ತವೆ, ಅವುಗಳನ್ನು ಹುಟ್ಟಿದ ಮೇಲೆ ಕೊಲ್ಲುವುದಾದರೆ ಭ್ರೂಣವನ್ನು ಉಳಿಸಿದ ಪುಣ್ಯಕ್ಕೆ ಅರ್ಥವಿಲ್ಲ. ನೋವನ್ನು ಅರಿಯದ ಸಾವಿನ ಬದಲು ಅರಿಯುವ ಸಾವನ್ನು ತಂದಂತಾಯಿತು. ಆದ್ದರಿಂದ ನಿಜವಾದ ನಿರ್ಧಾರ ನಡೆಯಬೇಕಾದದ್ದು ಕಾವಿಗೆ ಕೂರಿಸುವ ಮುನ್ನ. ಉದ್ದ ಕಾಲಿನ ಹುಂಜ ಗಿಡ್ಡ ಕಾಲಿನ ಹೇಂಟೆಗಳಿಗೆ, ಉದ್ದ ಕಾಲಿನ ಹೇಂಟೆ ಗಿಡ್ಡ ಕಾಲಿನ ಹುಂಜಕ್ಕೆ ಮುಂದಿನ ವರ್ಷದ ಜೊತೆಯಾಗುತ್ತದೆ; ಗರಿಯ ಬಣ್ಣ, ಬಾಲದ ನಿಲುವು, ಜುಟ್ಟಿನ ಆಕಾರಗಳು ಅವುಗಳಲ್ಲಿಯೂ ಅದೇ ವಂಶದವಾದ್ದರಿಂದ ತಳಿಗೆ ನಷ್ಟವಿಲ್ಲ. ಉಳಿದವಕ್ಕೆ ಗೂಡೂ ಕಾಳೂ ಇದೆಯೇ, ಇಲ್ಲವಾದರೆ ಒಯ್ದು ಸಾಕುವವರಿದ್ದಾರೆಯೇ ಎಂದು ಮೊದಲೇ ಎಣಿಸಿ, ಆ ಎಣಿಕೆಗೆ ತಕ್ಕಷ್ಟೇ ಮೊಟ್ಟೆಗಳನ್ನು, 12ರ ಜಾಗದಲ್ಲಿ 4 ಆದರೂ ಸರಿಯೇ, ಕಾವಿನ ಕೋಳಿಯ ಕೆಳಗೆ ಇಡುವುದು ಸಾಧ್ಯ. ಸಂತತಿಗೆ ನೋವು ಅಥವಾ ಹಾನಿ ತರುವಂಥ ಸಾಕಣೆಯನ್ನು ನಿಷೇಧಿಸುವ ಜರ್ಮನಿಯ ಪ್ರಾಣಿ ಸಂರಕ್ಷಣಾ ಕಾಯಿದೆಯಂಥ ಕಾನೂನುಗಳು ಹೊರಗಿನಿಂದ ಒಂದು ಗಡಿ ಹಾಕಬಲ್ಲವು. ಆದರೆ ಪ್ರದರ್ಶನದ ಪಂಜರದ ಮುಂದೆ ನಿಂತ ತೀರ್ಪುಗಾರನಿಗೆ ಕಾಣುವುದು ಬೆಳೆದು ನಿಂತ ಹುಂಜ ಮಾತ್ರ, ಅದು ಯಾವ ಜೋಡಿಯಿಂದ ಬಂತು, ಅದರೊಂದಿಗೆ ಕಾವಿಗಿಟ್ಟ ಮೊಟ್ಟೆಗಳು ಏನಾದವು ಎಂಬುದು ಅವನ ಅಂಕಪಟ್ಟಿಯಲ್ಲಿ ಇರುವುದಿಲ್ಲ. ಜೋಡಿಯ ವಿವರವನ್ನು ಹುಂಜದ ಜೊತೆಗೇ ಬರೆದು ಒಪ್ಪಿಸಬೇಕೆಂದು ಸಾಕಣೆಗಾರರ ಸಂಘಗಳು ನಿಯಮ ಮಾಡಿದರೆ, ಆ ಅಂಕಪಟ್ಟಿಗೆ ಒಂದು ಸಾಲು ಸೇರಿಸುವುದಷ್ಟೇ ಬೇಕಾಗುವ ಶ್ರಮ.