ಹೊಸ ಬೊಂಬೆಗೆ ಹಳೆಯ ಬಣ್ಣ

ನವರಾತ್ರಿಯಲ್ಲಿ ಬೊಂಬೆ ಕೂರಿಸುವ ಮನೆಗಳಲ್ಲಿ, ತಾಯಿಯಿಂದ ಮಗಳಿಗೆ ಬಂದ ಪಟ್ಟದ ಬೊಂಬೆಯ ಬಣ್ಣವು ಮಾಸಿದರೆ ಅದಕ್ಕೆ ಹೊಸ ಬಣ್ಣವನ್ನು ಕೊಡಿಸುವ ವಾಡಿಕೆಯುಂಟು. ಚನ್ನಪಟ್ಟಣದ ಕುಶಲಿಗರು ಹಾಲೆಮರವನ್ನು ಕಡೆದು, ಅದು ತಿರುಗುತ್ತಿರುವಾಗಲೇ ಬಣ್ಣದ ಅರಗನ್ನು ಒತ್ತಿ ಹಿಡಿದು, ಕೇದಗೆಯ ಗರಿಯಿಂದ ಉಜ್ಜಿ ಹೊಳಪೇರಿಸುತ್ತಾರೆ. ಹೊಸತನವೇ ಬೊಂಬೆಗೆ ಭೂಷಣವೆಂದು ನಮ್ಮ ಹಿರಿಯರು ಎಣಿಸಿದ್ದರು. ಈಗ ಇದಕ್ಕೆ ವಿಲೋಮವಾದ ಒಂದು ಹವ್ಯಾಸವು ಮಕ್ಕಳಲ್ಲಿಯೂ ದೊಡ್ಡವರಲ್ಲಿಯೂ ಕಾಣಬರುತ್ತಿದೆ. ಬೊಂಬೆಯ ಕೈಯ ಬೆರಳುದ್ದದ ಕತ್ತಿ, ಪುಟ್ಟ ಪೆಟ್ಟಿಗೆ, ಲಾಂದ್ರ, ಆಟಿಕೆಯ ರೈಲುಗಾಡಿ ಇವುಗಳನ್ನು ಹೊಸದಾಗಿ ತಂದು, ಅವು ಎಷ್ಟೋ ವರ್ಷ ದುಡಿದು ಮಳೆ ಬಿಸಿಲಿಗೆ ಜೀರ್ಣವಾದಂತೆ ತೋರಲೆಂದು ಬಣ್ಣ ಬಳಿಯುವುದೇ ಆ ಹವ್ಯಾಸ. ಇಲ್ಲದ ವಯಸ್ಸನ್ನು ವಸ್ತುವಿಗೆ ಹಚ್ಚುವುದು ಕಲೆಯೋ, ಸುಳ್ಳೋ? ಪ್ರಶ್ನೆಯು ಆಟಿಕೆಯಷ್ಟೇ ಚಿಕ್ಕದೆಂದು ತೋರಬಹುದು, ವಿಚಾರಿಸಿದರೆ ಹಾಗಲ್ಲ.

ಮೊದಲು ಕೆಲಸದ ವಿಧಾನವನ್ನು ತಿಳಿಯೋಣ. ಕಪ್ಪು ಬೆರೆತ ಕಂದು ಬಣ್ಣವನ್ನು ನೀರಿನಂತೆ ತೆಳ್ಳಗೆ ಕಲಸಿ ವಸ್ತುವಿನ ಮೇಲೆ ಹರಿಯಬಿಡುತ್ತಾರೆ. ಅದು ಸಂದುಗೊಂದುಗಳಲ್ಲಿ ನಿಂತು ಹಳೆಯ ಕೊಳೆಯಂತೆ ಕಾಣುತ್ತದೆ. ಬಳಿಕ ಕುಂಚದ ಬಣ್ಣವನ್ನು ಬಟ್ಟೆಯಲ್ಲಿ ಒರಸಿ, ಬಹುಮಟ್ಟಿಗೆ ಒಣಗಿದ ಆ ಕುಂಚವನ್ನು ಅಂಚುಗಳ ಮೇಲೆ ಲಘುವಾಗಿ ಆಡಿಸಿದರೆ, ಕೈ ತಾಗಿ ಸವೆದಂಥ ಬಿಳುಪು ಮೂಡುತ್ತದೆ. ಕಾವಿಯ ಛಾಯೆಗಳಿಂದ ತುಕ್ಕನ್ನು ತೋರಿಸುತ್ತಾರೆ. ಆದರೆ ಎಲ್ಲೆಂದರಲ್ಲಿ ಬಳಿದರೆ ಅದು ಹಳತಾಗಿ ಕಾಣದು, ಬರಿಯ ಹೊಲಸಾಗಿ ಕಾಣುವುದು. ಭಾಗಮಂಡಲದಿಂದ ಪಾಣತ್ತೂರಿಗೆ ಘಟ್ಟವಿಳಿಯುವ ದಾರಿಯಲ್ಲಿರುವ ನಮ್ಮ ಕರಿಕೆಯಲ್ಲಿ ಇದಕ್ಕೆ ಮಳೆಗಾಲವೇ ಗುರು. ಹಲಗೆಗೆ ಹೊಡೆದ ಮೊಳೆಯ ತುಕ್ಕು ನೀರಿನೊಡನೆ ಕೆಳಕ್ಕೆ ಇಳಿದು ಗೆರೆಯಾಗುತ್ತದೆ, ಮೇಲಕ್ಕೆ ಏರುವುದಿಲ್ಲ. ಪಾಚಿಯು ನೆರಳಿನ ಮಗ್ಗುಲನ್ನು ಹಿಡಿಯುತ್ತದೆ. ಮೆಟ್ಟಿಲು ಕಾಲಿಡುವ ನಡುವೆ ತಗ್ಗಾಗುತ್ತದೆ. ಒಂದೊಂದು ಗುರುತಿಗೂ ಒಂದೊಂದು ಕಾರಣವುಂಟು. ಇದನ್ನು ನೋಡಿ ಕಲಿತ ಬಾಲಕನು ಕಾರ್ಯದಿಂದ ಕಾರಣವನ್ನು ಊಹಿಸುವ ಅಭ್ಯಾಸವನ್ನೇ ಮಾಡಿದಂತಾಯಿತು.

ಆಕ್ಷೇಪವೂ ಇಲ್ಲಿಂದಲೇ ಹುಟ್ಟುತ್ತದೆ. ನೈಯಾಯಿಕರ ಮತದಲ್ಲಿ ಪರ್ವತದ ಮೇಲಿನ ಹೊಗೆಯು ಬೆಂಕಿಗೆ ಲಿಂಗ. ಹಾಗೆಯೇ ಸವೆತವು ದುಡಿಮೆಗೆ ಲಿಂಗ. ಹಿಡಿಯು ನುಣುಪಾಗಿದ್ದರೆ, ಯಾರೋ ಬಹುಕಾಲ ಹಿಡಿದು ಗೇಯ್ದರೆಂದು ನಾವು ತಿಳಿಯುತ್ತೇವೆ. ದುಡಿಮೆಯಿಲ್ಲದೆಯೇ ಸವೆತವನ್ನು ಬಳಿದರೆ, ಮಂಜನ್ನು ತೋರಿಸಿ ಹೊಗೆಯೆಂದಂತೆ ಆಗಲಿಲ್ಲವೆ? ಬಾಯಿಂದ ಆಡದ ಮಾತ್ರಕ್ಕೆ ಅಸತ್ಯವು ಸತ್ಯವಾಗುವುದೆ?

ಇದಕ್ಕೆ ನಮ್ಮ ಅಲಂಕಾರಶಾಸ್ತ್ರದಲ್ಲಿ ಉತ್ತರವುಂಟು. ಭರತಮುನಿಯು ಆಹಾರ್ಯಾಭಿನಯವನ್ನು ಹೇಳುವಲ್ಲಿ, ರಂಗಕ್ಕೆ ಬೇಕಾದ ಆಯುಧಾದಿಗಳನ್ನು ನಿಜವಾದ ಲೋಹದಿಂದ ಮಾಡದೆ ಬಿದಿರು, ಅರಗು, ತೊಗಲು, ಬಟ್ಟೆಗಳಿಂದ ಹಗುರವಾಗಿ ಮಾಡಬೇಕೆಂದು ವಿಧಿಸಿದ್ದಾನೆ. ಆ ಕತ್ತಿಯು ಸುಳ್ಳಲ್ಲ. ಅದು ಅಭಿನಯದ ಅಂಗ. ಚಿತ್ರದ ಕುದುರೆಯನ್ನು ಕಂಡು 'ಇದು ಕುದುರೆ' ಎನ್ನುವಾಗ ಉಂಟಾಗುವ ಬುದ್ಧಿಯು ಸತ್ಯಜ್ಞಾನವೂ ಅಲ್ಲ, ಭ್ರಾಂತಿಯೂ ಅಲ್ಲ, ಸಂಶಯವೂ ಅಲ್ಲ, ಬೇರೆಯೇ ಒಂದು ಬಗೆಯೆಂಬುದು ಶ್ರೀಶಂಕುಕನ ಮತ. ಅದನ್ನು ಅಭಿನವಗುಪ್ತನೂ ಮಮ್ಮಟನೂ ಉಲ್ಲೇಖಿಸಿದ್ದಾರೆ. ಬೆರಳುದ್ದದ ಕತ್ತಿಯ ತುಕ್ಕನ್ನು ಕಂಡವರಾರೂ ಅದರಿಂದ ಯಾರೋ ಯುದ್ಧ ಮಾಡಿದರೆಂದು ನಂಬುವುದಿಲ್ಲ. ನೋಡುವವನೂ ಮಾಡಿದವನೂ ಒಂದೇ ಆಟದೊಳಗೆ ಇರುವ ತನಕ ಇಲ್ಲಿ ವಂಚಿತನಾದವನೇ ಇಲ್ಲ.

ಆದರೆ ವಸ್ತುವು ಆಟದಿಂದ ಹೊರಬಿದ್ದು ಸಾಕ್ಷಿಯಾಗಿ ನಿಂತಾಗ ಮಾತು ಬೇರೆಯಾಗುತ್ತದೆ. ಇದಕ್ಕೆ ನಮ್ಮ ಕೊಡಗಿನ ಹೆಸರಿನಿಂದಲೇ ಪ್ರಸಿದ್ಧವಾದ ದೃಷ್ಟಾಂತವೊಂದುಂಟು. ಮಡಿಕೇರಿಯ ತಾಮ್ರಶಾಸನವು ಗಂಗರ ಅವಿನೀತನ ದಾನವನ್ನು ಹೇಳುತ್ತದೆ. ಅದರಲ್ಲಿ ೩೮೮ ಎಂಬ ವರ್ಷವಿದೆ. ಶಕವರ್ಷವೆಂದು ಹಿಡಿದರೆ ಕ್ರಿ.ಶ. ೪೬೬ ಆಗುತ್ತದೆ. ರೈಸ್ ಸಾಹೇಬರು ೧೮೮೬ರಲ್ಲಿ ಹೊರತಂದ ಕೊಡಗಿನ ಶಾಸನಗಳ ಸಂಪುಟದಲ್ಲಿ ಇದನ್ನು ಪ್ರಕಟಿಸಿದರು. ಫ್ಲೀಟ್ ಮೊದಲಾದ ವಿದ್ವಾಂಸರಾದರೋ, ಅದರ ಲಿಪಿಯು ಅಷ್ಟು ಹಳೆಯದಲ್ಲ, ಅದು ಅನಂತರ ಹುಟ್ಟಿಸಿದ ಕೂಟಶಾಸನವೆಂದರು. ಕೂಟಶಾಸನದಲ್ಲಿ ಹಳಮೆಯು ಅಲಂಕಾರವಲ್ಲ. ಅದು ಭೂಮಿಯ ಮೇಲಿನ ಹಕ್ಕಿಗೆ ಆಧಾರ. ಇಂದಿನ ಪೇಟೆಯಲ್ಲಿ ಹೊಸ ಹಿತ್ತಾಳೆಯ ದೀಪವನ್ನು ಕಪ್ಪಾಗಿಸಿ, ಮಣ್ಣು ಮೆತ್ತಿ, ಪುರಾತನವೆಂದು ಮಾರುವವನ ಕೆಲಸವೂ ಇದೇ ಜಾತಿಯದು. ೧೯೭೨ರ ಪ್ರಾಚ್ಯವಸ್ತುಗಳ ಕಾಯಿದೆಯ ಪ್ರಕಾರ ವಿಗ್ರಹಾದಿಗಳು ನೂರು ವರ್ಷವನ್ನೂ, ಮಹತ್ವದ ಹಸ್ತಪ್ರತಿಗಳು ಎಪ್ಪತ್ತೈದು ವರ್ಷವನ್ನೂ ಕಳೆದಿದ್ದರೆ ಮಾತ್ರ ಪ್ರಾಚ್ಯವಸ್ತುಗಳೆನಿಸುತ್ತವೆ. ಅಷ್ಟು ಕಾಲವನ್ನು ಒಂದು ಮಧ್ಯಾಹ್ನದಲ್ಲಿ ಬಳಿದು ಬೆಲೆ ಕೇಳುವವನ ಕೈಯಲ್ಲಿರುವ ಕುಂಚವೂ ಬಾಲಕನ ಕುಂಚದಂಥದ್ದೇ; ಭೇದವಿರುವುದು ಅವನು ಬೇಡುವ ನಂಬಿಕೆಯಲ್ಲಿ.

ತಪ್ಪಾಗಿ ಓದಿದ ಗುರುತಿನಿಂದ ಎಂಥ ಅನರ್ಥವಾಗಬಹುದೆಂಬುದನ್ನು ಮೃಚ್ಛಕಟಿಕವು ತೋರಿಸುತ್ತದೆ. ಚಾರುದತ್ತನ ಮಗ ರೋಹಸೇನನು ಮಣ್ಣಿನ ಆಟದ ಗಾಡಿ ಬೇಡ, ಚಿನ್ನದ್ದೇ ಬೇಕೆಂದು ಅತ್ತಾಗ, ವಸಂತಸೇನೆಯು ತನ್ನ ಒಡವೆಗಳನ್ನು ಆ ಗಾಡಿಯಲ್ಲಿ ತುಂಬಿಕೊಟ್ಟಳು. ಅವೇ ಒಡವೆಗಳು ಮುಂದೆ ನ್ಯಾಯಸಭೆಯಲ್ಲಿ ಹೊರಬಿದ್ದು, ಅವಳನ್ನು ಚಾರುದತ್ತನೇ ಕೊಂದನೆಂಬುದಕ್ಕೆ ಸಾಕ್ಷಿಯಾದುವು. ಅಲ್ಲಿ ಒಡವೆಯು ನಿಜವಾದದ್ದೇ; ಕೊಟ್ಟವಳಲ್ಲಿ ಕಪಟವೂ ಇರಲಿಲ್ಲ. ಆದರೂ ನಿರಪರಾಧಿಯು ವಧ್ಯಸ್ಥಾನದವರೆಗೆ ನಡೆಯಬೇಕಾಯಿತು. ಹೀಗಿರುವಲ್ಲಿ ಬುದ್ಧಿಪೂರ್ವಕವಾಗಿ ಸುಳ್ಳು ಗುರುತನ್ನು ಹುಟ್ಟಿಸಿ ಲೋಕದಲ್ಲಿ ಬಿಡುವವನ ಹೊಣೆಯು ಎಷ್ಟಿರಬೇಡ!

ಯಾರೂ ಮೋಸಹೋಗದಿದ್ದರೆ ದೋಷವೇ ಇಲ್ಲವೆಂದೂ ಹೇಳಲಾಗದು. ಹೊಸ ಜೀನ್ಸ್ ಬಟ್ಟೆಯನ್ನು ಮಾಸಿದಂತೆ ಮಾಡಿ ಮಾರುವ ಪದ್ಧತಿಯನ್ನು ಎಲ್ಲರೂ ಬಲ್ಲರು. ಕೊಳ್ಳುವವನಿಗೂ ಅದು ಹೊಸತೆಂದು ಗೊತ್ತು. ಆದರೆ ಮಾಸಿಸುವುದಕ್ಕಾಗಿ ಅದರ ಮೇಲೆ ಮರಳನ್ನು ರಭಸದಿಂದ ಊದುವ ಕೆಲಸದಲ್ಲಿ, ಸಿಲಿಕಾ ಧೂಳು ಎದೆಯನ್ನು ಹೊಕ್ಕು, ತುರ್ಕಿಯಲ್ಲಿ ಎಷ್ಟೋ ತರುಣರು ಶ್ವಾಸಕೋಶದ ರೋಗದಿಂದ ಸತ್ತರು. ೨೦೦೯ರಲ್ಲಿ ಆ ದೇಶವು ಈ ವಿಧಾನವನ್ನು ನಿಷೇಧಿಸಿತು. ದುಡಿಯದವನ ಉಡುಪು ದುಡಿದಂತೆ ಕಾಣಲೆಂದು ದುಡಿಯುವವನ ಉಸಿರು ಹೋಯಿತು. ಆದುದರಿಂದ ನೋಡುವವನಿಗೆ ನಿಜವು ತಿಳಿದಿದೆಯೇ ಎಂಬುದರ ಜತೆಗೆ, ಈ ತೋರಿಕೆಯ ವೆಚ್ಚವನ್ನು ಯಾರು ತೆರುತ್ತಾರೆ ಎಂಬುದನ್ನೂ ಕೇಳತಕ್ಕದ್ದು.

ಇನ್ನೊಂದು ವಿಚಾರವುಂಟು. ಸೆಪ್ಟೆಂಬರಿನ ಆದಿಯಲ್ಲಿ ಬರುವ ಕೈಲ್‌ಪೊಳ್ದ್ ಹಬ್ಬದಲ್ಲಿ ನಮ್ಮ ಕೊಡಗಿನವರು ಕೋವಿ, ಒಡಿಕತ್ತಿ, ಪೀಚೆಕತ್ತಿಗಳನ್ನೂ ಬೇಸಾಯದ ಹತಾರಗಳನ್ನೂ ಶುಚಿಗೊಳಿಸಿ, ತೋಕ್‌ಪೂವಿನಿಂದ ಸಿಂಗರಿಸಿ ಪೂಜಿಸುತ್ತಾರೆ. ಅಜ್ಜನ ಕಾಲದ ನಿಜವಾದ ಕತ್ತಿಯುಳ್ಳವನು ಅದರ ತುಕ್ಕನ್ನು ಉಜ್ಜಿ ತೆಗೆಯುತ್ತಾನೆ. ಆಟಿಕೆಯ ಕತ್ತಿಯುಳ್ಳವನು ತುಕ್ಕನ್ನು ಬಳಿಯುತ್ತಾನೆ! ಎಷ್ಟು ಉಜ್ಜಿದರೂ ಹಿಡಿಯ ಸವೆತವು ಮಾತ್ರ ಹೋಗುವುದಿಲ್ಲ. ತುಕ್ಕು ಹುಟ್ಟುವುದು ಅಲಕ್ಷ್ಯದಿಂದ, ಸವೆತ ಹುಟ್ಟುವುದು ಬಳಕೆಯಿಂದ. ಇವೆರಡನ್ನೂ ಹಳತೆಂಬ ಒಂದೇ ಹೆಸರಿನಿಂದ ಕರೆದು ಗೌರವಿಸುವುದು ಅವಿವೇಕ. ಮನುಷ್ಯರ ವಿಷಯದಲ್ಲಿಯೂ ಹೀಗೆಯೇ. ಅರುವತ್ತು ದಾಟಿದ ನಮ್ಮಂಥವರು ನರೆತ ತಲೆಯೊಂದನ್ನೇ ತೋರಿಸಿ ಮರ್ಯಾದೆಯನ್ನು ಕೇಳಬಾರದು. ಆ ವರ್ಷಗಳಲ್ಲಿ ಯಾವ ಕೆಲಸಕ್ಕೆ ಒದಗಿದೆವೆಂಬುದನ್ನು ಕೇಳಿಕೊಳ್ಳಬೇಕು.

ಆದುದರಿಂದ ಮನೆಯ ಮಕ್ಕಳು ಆಟಿಕೆಗೆ ಹಳೆಯ ಬಣ್ಣ ಬಳಿಯಲು ಕುಳಿತರೆ ಹಿರಿಯರು ಬೈಯಬೇಕಾದುದಿಲ್ಲ. 'ಈ ಗೆರೆ ಇಲ್ಲಿಯೇ ಏಕೆ? ಈ ಅಂಚು ಯಾರ ಕೈಯಿಂದ ಸವೆಯಿತು? ಇದು ತುಕ್ಕೋ, ಸವೆತವೋ?' ಎಂದು ಕೇಳಿದರೆ ಸಾಕು. ಉತ್ತರ ಹುಡುಕುವುದಕ್ಕಾಗಿ ಅವರು ಕೊಟ್ಟಿಗೆಯ ಗುದ್ದಲಿಯನ್ನೂ ಅಡಿಗೆಮನೆಯ ಒನಕೆಯನ್ನೂ ಮೊದಲ ಬಾರಿಗೆ ಕಣ್ಣಿಟ್ಟು ನೋಡುವರು. ಕೆಲಸ ಮುಗಿದ ಮೇಲೆ ಆಟಿಕೆಯ ಅಡಿಯಲ್ಲಿ ಬಣ್ಣ ಬಳಿದ ವರ್ಷವನ್ನು ಸಣ್ಣ ಅಕ್ಷರದಲ್ಲಿ ಬರೆಯಿಸಿರಿ. ನಾಳೆ ಅದು ಯಾರ ಕೈಗೆ ಹೋದರೂ, ತಿರುಗಿಸಿ ನೋಡಿದವನಿಗೆ ನಿಜವು ತಿಳಿಯಲಿ.