ಸಿದ್ಧರಾಮನ ಕೆರೆಗೆ ನಮ್ಮ ಮಾತಿನ ದಾಸೋಹ



ಹನ್ನೆರಡನೆಯ ಶತಮಾನದಲ್ಲಿ ಸೊನ್ನಲಿಗೆಯ ಶ್ರೀ ಸಿದ್ಧರಾಮೇಶ್ವರರು ಭಕ್ತರನ್ನು ಕೂಡಿಸಿ ಕೆರೆ ಕಟ್ಟಿದರು. ಆ ಸೊನ್ನಲಿಗೆಯೇ ಇಂದಿನ ಸೊಲ್ಲಾಪುರ. ಸಂಕ್ರಾಂತಿಯ ಜಾತ್ರೆಯಲ್ಲಿ ನಂದಿಕೋಲಿಗೆ ಕೈಮುಗಿಯುವ ನಾವು ಗುಡಿಯನ್ನು ಸುತ್ತಿರುವ ಆ ನೀರಿನ ಯೋಗಕ್ಷೇಮವನ್ನೂ ವಿಚಾರಿಸಬೇಕು.

ಊರ ನಡುವಿನ ಕೆರೆ ಹೇಗೆ ಕೆಡುತ್ತದೆ? ಚರಂಡಿ ನೀರಿನ ಸಾರಜನಕ, ರಂಜಕಗಳು ಹೊಲಕ್ಕೆ ಹಾಕಿದ ಗೊಬ್ಬರದಂತೆ ಪಾಚಿಯನ್ನು ಬೆಳೆಸುತ್ತವೆ. ಪಾಚಿ ಕೊಳೆಯುವಾಗ ನೀರಿನ ಆಮ್ಲಜನಕ ತೀರಿ ಮೀನು ಸಾಯುತ್ತವೆ. ಆದ್ದರಿಂದ ಮೇಲಿನ ಪಾಚಿ ತೆಗೆದರಷ್ಟೇ ಸಾಲದು. ಒಳಬರುವ ಹೊಲಸು ನಿಲ್ಲಬೇಕು.

ಯಾವ ಮೋರಿ ಎಲ್ಲಿ ಸೇರುತ್ತದೆಂಬುದು ಅಂಗಡಿಕಾರರಿಗೆ ಗೊತ್ತು. ಹೂಳಿನ ಗುಣ, ನೀರು ಹರಿಯುವ ಇಳಿಜಾರು ರೈತರಿಗೆ ಗೊತ್ತು. ಈ ತಿಳಿವಳಿಕೆಯನ್ನು ಕೊಡುವುದೂ ದಾಸೋಹವೇ.

1993ರಲ್ಲಿ ಜಾರಿಗೆ ಬಂದ ಸಂವಿಧಾನದ 74ನೇ ತಿದ್ದುಪಡಿಯು 3 ಲಕ್ಷ ಮತ್ತು ಅದಕ್ಕೂ ಹೆಚ್ಚು ಜನಸಂಖ್ಯೆಯ ನಗರಗಳಲ್ಲಿ ವಾರ್ಡ್ ಸಮಿತಿಗಳಿರಬೇಕೆಂದು ವಿಧಿಸಿದೆ. ಅಲ್ಲಿಗೆ ಲಿಖಿತ ಸೂಚನೆ ಕೊಡಿರಿ. ಎಷ್ಟು ಹೂಳು ತೆಗೆದರು, ಎಲ್ಲಿ ಹಾಕಿದರು, ಮುಂದಿನ ವರ್ಷ ನೋಡಿಕೊಳ್ಳುವವರು ಯಾರು ಎಂದು ಕೇಳಿರಿ. ಜಮಾ-ಖರ್ಚು ಕೇಳದ ವ್ಯಾಪಾರ ಉಳಿಯದು. ಲೆಕ್ಕ ಕೇಳದ ಕೆರೆಯೂ ಉಳಿಯದು. ಅರ್ಜಿಯನ್ನು ಮರಾಠಿಯಲ್ಲಿ ಬರೆಯಬೇಕಾದರೆ ಮಠದ ಕಚೇರಿಯಲ್ಲಿ ಬರೆದುಕೊಡುತ್ತೇವೆ.

ಅಂಗಡಿ, ಮನೆಗಳ ಕಸ, ಪೂಜೆಯ ಹೂಮಾಲೆ, ಪ್ಲಾಸ್ಟಿಕ್ ನೀರಿಗೆ ಬೀಳದಿರಲಿ. ನಮ್ಮ ಕೈ ಶುದ್ಧವಿದ್ದರೆ ಮಾತಿಗೆ ತೂಕ ಬರುತ್ತದೆ. ಕೆರೆ ಕಟ್ಟಿದ್ದು ಸಿದ್ಧರಾಮನ ಕಾಯಕ. ಅದನ್ನು ಕಾಯುವುದು ನಮ್ಮ ಕಾಯಕ.

ಶರಣು.